ಕಲ್ಲು ಇಡಲು ಇಳಿದವನು

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರ್ಧ ಆಯಸ್ಸು ಗಾಡಿ ಓಡಿಸಿದವನು ಎಂದರೆ ಜನ ಗಟ್ಟಿ ಗುಂಡಿಗೆಯವನು ಅಂದುಕೊಂಡುಬಿಡುತ್ತಾರೆ. ರೈಲ್ವೆ ಗೇಟು ತೆರೆದಿದ್ದರೂ ಎರಡೂ ಕಡೆ ನೋಡಿ, ಇನ್ನೊಮ್ಮೆ ನೋಡಿ, ಹಿಂದಿನ ಲಾರಿಯವನಿಂದ ಚೆನ್ನಾಗಿ ಬೈಸಿಕೊಂಡು ದಾಟುತ್ತಿದ್ದವನು ನಾನು. ರಸ್ತೆಗೆ ಅಡ್ಡ ಎಮ್ಮೆ ನಿಂತಿದ್ದರೆ ಹಾರನ್ನು ಹೊಡೆಯದೆ, ಅದು ತನ್ನ ಯೋಚನೆ ಮುಗಿಸುವವರೆಗೆ ಕಾಯುತ್ತಿದ್ದೆ. ಹೆಂಗಸರು ಮಕ್ಕಳನ್ನು ಕೂರಿಸಿ ಕಳಿಸಬೇಕಾದರೆ ಇವನೇ ಸರಿ, ನಂಬಿಕಸ್ತ ಎಂದು ಅಜ್ಜಂಪುರದಲ್ಲಿ ನನಗೆ ಹೆಸರು ಬಂದಿತ್ತು. ಆ ಹೆಸರಿನ ಹಿಂದೆ ಇದ್ದದ್ದು ಬರೀ ಭಯ.

ಗಾಡಿ ನಮ್ಮಪ್ಪನದು. ಅಮೇರಿಕದ ಉದ್ದನೆಯ ಸ್ಟೇಷನ್ ವ್ಯಾಗನ್. ಯಾವುದೋ ಕಾಫಿ ಎಸ್ಟೇಟಿನವರು ತರಿಸಿದ್ದು, ಕೈಯಿಂದ ಕೈಗೆ ಬಂದು, ಕೊನೆಗೆ ನಮ್ಮ ಮನೆಯ ಮುಂದೆ ನಿಂತಿತ್ತು. ಊರಿನವರು ಅದನ್ನು ಉದ್ದನ್ ಗಾಡಿ ಎಂದೇ ಕರೆಯುತ್ತಿದ್ದರು. ಮುಂದುಗಡೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಅಗಲವಾದ ಸೀಟು. ಅಪ್ಪ ಶಿವನಿ ಸ್ಟೇಷನ್ನಿನಲ್ಲಿ ಇಳಿದವರನ್ನು ಹಳ್ಳಿಗಳಿಗೆ ಮುಟ್ಟಿಸಿ, ಮದುವೆ ದಿಬ್ಬಣಗಳನ್ನು ಕಡೂರಿಗೆ, ಹಿರೇನಲ್ಲೂರಿಗೆ ಒಯ್ದು, ಅದರಲ್ಲೇ ನಮ್ಮನ್ನೆಲ್ಲ ಸಾಕಿದ. ಅವನು ತೀರಿಕೊಂಡ ಮೇಲೆ ಸ್ಟೇರಿಂಗಿನ ಹಿಂದೆ ನಾನು ಕೂತೆ.

ನನ್ನ ಕೈಗೆ ಬರುವ ಹೊತ್ತಿಗೆ ಗಾಡಿಯನ್ನು ತುಕ್ಕು ತಿಂದಿತ್ತು. ಕಾಲಿಡುವ ತಗಡಿನ ತೂತಿನಲ್ಲಿ ರಸ್ತೆ ಓಡುವುದು ಕಾಣುತ್ತಿತ್ತು. ಎಡಗಡೆಯ ಮುಂದಿನ ಬಾಗಿಲಿನ ಕೀಲು ಸವೆದು, ಗಾಡಿ ಹೋಗುತ್ತಿರುವಾಗಲೇ ಬಾಗಿಲು ತೆರೆದುಕೊಳ್ಳುತ್ತಿತ್ತು. ಯಾರಾದರೂ ಬಿದ್ದು ಸತ್ತಾರು ಎಂದು ಹೆದರಿ ನಾನೇ ಅದನ್ನು ದಪ್ಪ ತಂತಿಯಿಂದ ಬಿಗಿದು ಕಟ್ಟಿದ್ದೆ. ಅಲ್ಲಿ ಕೂತವರು ಇಳಿಯಬೇಕಾದರೆ ಮೊದಲು ನಾನು ಇಳಿಯಬೇಕು, ಆಮೇಲೆ ಅವರು ಸೀಟಿನ ಮೇಲೆ ಸರಿದು ನನ್ನ ಬಾಗಿಲಿನಿಂದ ಹೊರಗೆ ಬರಬೇಕು. ಹಾಗೆ ಮಾಡಿದವನು ನಾನೇ ಎಂಬುದನ್ನು ಇಲ್ಲಿ ಬರೆದಿಡಬೇಕು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಡೂರಿನ ರಸ್ತೆಯಲ್ಲಿ ಒಂದು ಮಧ್ಯಾಹ್ನ ಹಳೇ ಪೆಟ್ರೋಲ್ ಎಂಜಿನ್ನು ಬಿರುಕು ಬಿಟ್ಟಿತು. ಅಕ್ಕನ ಗಂಡನದು ತರೀಕೆರೆಯಲ್ಲಿ ಗ್ಯಾರೇಜು. ಭಾವ ಬಂದು ಬಾನೆಟ್ ಎತ್ತಿ ನೋಡಿ, ಸತ್ತವರ ಮುಖದ ಮೇಲೆ ಬಟ್ಟೆ ಎಳೆಯುವ ಹಾಗೆ ಮೆಲ್ಲಗೆ ಮುಚ್ಚಿದರು. "ಇದ್ರ ಕತೆ ಮುಗೀತು ಕಣಯ್ಯ. ಇದ್ರ ಸಾಮಾನು ಎಲ್ಲೂ ಸಿಗಲ್ಲ. ಹೊಸ ಡೀಸೆಲ್ ಎಂಜಿನ್ ಕೂರಿಸೋಣ."

ನನಗೆ ಗಾಡಿ ಗುಜರಿಗೆ ಹೋದರೇ ಸಾಕಿತ್ತು. ಒಂದು ಅಂಗಡಿ ಇಟ್ಟುಕೊಂಡು, ಅಲುಗಾಡದ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬದುಕಬಹುದು ಎಂಬ ಆಸೆ ಒಳಗೊಳಗೇ ಇತ್ತು. ಅವ್ವ ಒಪ್ಪಲಿಲ್ಲ. "ನಿಮ್ಮಪ್ಪ ಕೂತಿದ್ ಜಾಗ ಕಣೋ ಅದು. ಗುಜರಿಯವ್ನು ಸುತ್ತಿಗೇಲಿ ಒಡೀತಿದ್ರೆ ನೋಡ್ಕಂಡು ನಿಂತ್ಕತೀಯ?" ಅಂದಳು. ಅಷ್ಟು ಹೇಳಿದ ಮೇಲೆ ನನ್ನ ಅಂಗಡಿ ಅಲ್ಲಿಗೇ ಮುಚ್ಚಿತು.

ಭಾವ ಶಿವಮೊಗ್ಗದ ಕಡೆಯಿಂದ ಎಂಜಿನ್ನು ತಂದರು. ಹೊಸ ಮಾದರಿಯದು, ಒಂದು ವರ್ಷವೂ ಓಡಿರದ ವ್ಯಾನಿನದು. ಆ ವ್ಯಾನು ಮಗುಚಿ ಬಿದ್ದಿತ್ತು ಎಂದು ಗೊತ್ತಾದಾಗ ನಾನು ಎಂಜಿನ್ನಿನಿಂದ ಎರಡು ಹೆಜ್ಜೆ ಹಿಂದೆ ಸರಿದೆ.

"ಯಾರಾದ್ರೂ ಸತ್ರಾ ಭಾವ?"

"ಮೂರು ಕುರಿ ಕಣಯ್ಯ. ಕುರಿ ದೆವ್ವ ಬಂದು ನಿನ್ ಹಿಡ್ಕಳಲ್ಲ, ಬಾ ಈ ಕಡೆ."

ಹದಿನೈದು ದಿನ ನಾನು ತರೀಕೆರೆಯಲ್ಲೇ ಇದ್ದೆ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿಗೆ ಸರಪಳಿ ಹಾಕಿ ಹೊಸ ಎಂಜಿನ್ನನ್ನು ಮೇಲೆತ್ತಿದಾಗ ಅದು ಗಾಳಿಯಲ್ಲಿ ಮೆಲ್ಲಗೆ ತಿರುಗಿತು. ನನಗೆ ಅದರ ಕೆಳಗೆ ಕೈ ಹಾಕಲೂ ಧೈರ್ಯ ಬರಲಿಲ್ಲ. ಹಳೆಯದಕ್ಕಿಂತ ಭಾರ. ಕೂರುವ ಜಾಗ ಬೇರೆ, ಬೋಲ್ಟಿನ ತೂತು ಬೇರೆ. ಭಾವ ಗಾಡಿಯ ತಳದ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಗಟ್ಟಿಯಿರುವ ಕಡೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದರು. ಪ್ರತಿ ಏಟಿಗೂ ತುಕ್ಕು ಉದುರುತ್ತಿತ್ತು. ಎಂಜಿನ್ನು ಒಂದು ದಿನ ಕಳಚಿ ರಸ್ತೆಗೆ ಬಿದ್ದೇ ಬೀಳುತ್ತದೆ ಎಂದು ನಾನು ಖಚಿತ ಮಾಡಿಕೊಂಡೆ. ಅವರು ಎಂಜಿನ್ನು ಕೂರುವ ಕಡೆಗೆ ಆಂಗಲ್ ಕಬ್ಬಿಣ ಕತ್ತರಿಸಿ, ವೆಲ್ಡಿಂಗ್ ಮಾಡಿ, ಅದರ ಮೇಲೆ ತಾವೇ ಹತ್ತಿ ಕುಣಿದು ತೋರಿಸಿದರು. ಆ ರಾತ್ರಿಯೂ ನನಗೆ ನಿದ್ದೆ ಬರಲಿಲ್ಲ.

ಎಂಜಿನ್ನು ಮೊದಲ ಸಲ ಶುರುವಾದಾಗ ಗ್ಯಾರೇಜಿನ ತಗಡುಗಳೆಲ್ಲ ಗಡಗಡ ಎಂದವು. ನಿಲ್ಲಿಸಲೆಂದು ನಾನು ಕೀಲಿ ತಿರುಗಿಸಿದೆ. ನಿಲ್ಲಲಿಲ್ಲ. ಕೀಲಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಆಗಲೂ ಓಡುತ್ತಲೇ ಇತ್ತು.

"ಡೀಸೆಲ್ಲಿಗೆ ಕೀಲಿ ಲೆಕ್ಕಕ್ಕಿಲ್ಲ. ಈ ವೈರ್ ಎಳೆದ್ರೆ ಡೀಸೆಲ್ ಕಟ್ ಆಗುತ್ತೆ, ಆವಾಗ ನಿಲ್ಲುತ್ತೆ" ಎಂದು ಭಾವ ಡ್ಯಾಶಿನ ಕೆಳಗಿನ ಒಂದು ಗುಂಡಿಯನ್ನು ಎಳೆದರು. ನಿಂತಿತು.

"ವೈರ್ ಎಳೆದ್ರೂ ನಿಲ್ದಿದ್ರೆ?"

ಬೇರೆ ಯಾರಾಗಿದ್ದರೂ ನಕ್ಕುಬಿಡುತ್ತಿದ್ದರು. ಭಾವನಿಗೆ ನನ್ನ ಗುಣ ಗೊತ್ತಿತ್ತು. "ಒಂದೇ ಒಂದ್ ಕಾರಣಕ್ಕೆ ಹಂಗಾಗ್ಬೋದು. ಆಯಿಲ್ ಜಾಸ್ತಿ ಹಾಕಿದ್ರೆ ಅದು ಡೀಸೆಲ್ ಬಿಟ್ಟು ತನ್ನ ಆಯಿಲ್ಲನ್ನೇ ಕುಡಿಯೋಕೆ ಶುರು ಮಾಡುತ್ತೆ. ಆವಾಗ ಅದಕ್ಕೆ ಹುಚ್ಚು ಹಿಡೀತು ಅಂತ್ಲೇ ಲೆಕ್ಕ. ಯಾರ ಮಾತೂ ಕೇಳಲ್ಲ. ಇದನ್ನ ಮುಚ್ಚಿ ಉಸಿರು ಕಟ್ಟಿಸ್ಬೇಕು" ಎಂದು ಗಾಳಿ ಎಳೆದುಕೊಳ್ಳುವ ಬಾಯಿಯನ್ನು ತೋರಿಸಿದರು. ಅಂಗೈ ಅಗಲದ ಬಾಯಿ. "ಅದಕ್ಕೇ ದಿನಾ ಬೆಳಗ್ಗೆ ಕಡ್ಡಿ ಎಳೆದು ಆಯಿಲ್ ನೋಡು. ಗೆರೆಗಿಂತ ಮೇಲಿರ್ಬಾರ್ದು." ನಾನು ದಿನಾ ಎರಡು ಸಲ ನೋಡುತ್ತಿದ್ದೆ.

ಗಾಡಿ ಅಜ್ಜಂಪುರಕ್ಕೆ ಬಂದು ಒಂದು ತಿಂಗಳಾದ ಮೇಲೆ ಮೊದಲ ಆಯಿಲ್ ಇಳಿಸಿ ಹೊಸದು ಹಾಕುವ ದಿನ ಬಂತು. ಭಾವ, ಅಕ್ಕ ಇಬ್ಬರೂ ಬಂದಿದ್ದರು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೊಸ ಪಂಪ್‌ಸೆಟ್ಟು ಬರಲಿ, ಹಿಟ್ಟಿನ ಗಿರಣಿ ಬರಲಿ, ಮದುಮಗನಿಗೆ ಎಣ್ಣೆ ಶಾಸ್ತ್ರ ಮಾಡುವ ಹಾಗೆ ಐದು ಜನ ಮುತ್ತೈದೆಯರು ಅದಕ್ಕೆ ಒಂದೊಂದು ಸೌಟು ಎಣ್ಣೆ ಹೊಯ್ಯಬೇಕು. ಭಾವ ಹುಷಾರಿನ ಮನುಷ್ಯ. ಐದು ಸೌಟಿನಷ್ಟು ಕಡಿಮೆ ಹಾಕಿ, ಉಳಿದದ್ದನ್ನು ಶಾಸ್ತ್ರಕ್ಕೆ ಬಿಟ್ಟರು. ಅಕ್ಕ, ನನ್ನ ಹೆಂಡತಿ, ಚಿಕ್ಕಮ್ಮ, ಪಕ್ಕದ ಮನೆಯ ಇಬ್ಬರು, ಅರಿಶಿನ ಕುಂಕುಮ ಇಟ್ಟು, ನಗುತ್ತಾ ಒಬ್ಬೊಬ್ಬರಾಗಿ ಹೊಯ್ದರು. ಭಾವ ಕಡ್ಡಿ ಎಳೆದು ನೋಡಿದರು. ಗೆರೆಗೆ ಸರಿಯಾಗಿ ನಿಂತಿತ್ತು.

ಅವ್ವ ಬಾಗಿಲ ಒಳಗೆ ನಿಂತಿದ್ದಳು. ನಿಂಬೆಹಣ್ಣು ಎಲ್ಲಿಡಬೇಕು, ಸೌಟನ್ನು ಯಾವ ಕೈಯಲ್ಲಿ ಹಿಡಿಯಬೇಕು ಎಂದು ಎಲ್ಲವನ್ನೂ ಅಲ್ಲಿಂದಲೇ ಹೇಳಿಕೊಟ್ಟಳು. ಗಂಡ ಸತ್ತವಳು, ಹೊಸ್ತಿಲು ದಾಟಲಿಲ್ಲ. ಯಾರೂ ಕರೆಯಲೂ ಇಲ್ಲ. ನಾನೂ ಕರೆಯಲಿಲ್ಲ. ಉಳಿದ ಆಯಿಲ್ಲಿನ ಡಬ್ಬವನ್ನು ಜಗಲಿಯ ಮೂಲೆಯಲ್ಲಿಟ್ಟು ಭಾವ, ಅಕ್ಕ ಸಂಜೆಯ ಬಸ್ಸಿಗೆ ಹೊರಟುಹೋದರು.

ಮಾರನೇ ದಿನ ಅವ್ವನನ್ನು ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅಪ್ಪ ಊರವರನ್ನೆಲ್ಲ ಅಲ್ಲಿಗೆ ಕರೆದೊಯ್ದಿದ್ದ. ಅವ್ವನಿಗೆ ಮಾತ್ರ ಮುಂದಿನ ವರ್ಷ, ಮುಂದಿನ ವರ್ಷ ಅನ್ನುತ್ತಲೇ ಹೋಗಿಬಿಟ್ಟ. ಘಾಟಿ ರಸ್ತೆಯನ್ನು ನೆನೆದು ನಾನು ವಾರದಿಂದ ಹೆದರಿದ್ದೆ, ಆದರೆ ಬೇಡ ಅನ್ನುವುದಕ್ಕೆ ಬಾಯಿ ಬರಲಿಲ್ಲ.

ಬೆಳಕು ಹರಿಯುವಾಗ ಎದ್ದು ಹೊರಗೆ ಬಂದೆ. ಬಾನೆಟ್ಟು ತೆರೆದಿತ್ತು. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತುದಿಗಾಲಲ್ಲಿ ನಿಂತು, ಡಬ್ಬ ಬಗ್ಗಿಸಿ ಎಂಜಿನ್ನಿಗೆ ಹೊಯ್ಯುತ್ತಿದ್ದಳು. ತುಟಿ ಏನೋ ಹೇಳಿಕೊಳ್ಳುತ್ತಿತ್ತು. ನಾನು ಕಂಬದ ಹಿಂದೆಯೇ ನಿಂತೆ. ಒಂದು ಸೌಟು ಹೊಯ್ದಿರಬೇಕು, ಅವಳಿಗೂ ಆಸೆ ಇರುವುದಿಲ್ಲವೇ, ಒಂದು ಸೌಟಿಗೆ ಏನಾಗುತ್ತದೆ ಅಂದುಕೊಂಡೆ. ಅವಳು ಮುಚ್ಚಳ ತಿರುಗಿಸಿ, ಕೈಯನ್ನು ಬೂದಿಯಲ್ಲಿ ಉಜ್ಜಿ ತೊಳೆದು ಒಳಗೆ ಹೋದಳು. ದಿನಾ ಎರಡು ಸಲ ಕಡ್ಡಿ ನೋಡುತ್ತಿದ್ದವನು ಆ ದಿನ ನೋಡಲಿಲ್ಲ. ನೋಡಿ, ಜಾಸ್ತಿ ಕಂಡರೆ, ಅವಳ ಕಣ್ಣೆದುರಿಗೇ ಅದನ್ನು ಇಳಿಸಬೇಕಾಗುತ್ತಿತ್ತು. ಅದಕ್ಕೂ ನನಗೆ ಭಯವೇ. ಡಬ್ಬದಲ್ಲಿ ಎಷ್ಟು ಉಳಿದಿದೆ ಎಂದಾದರೂ ಅಲುಗಾಡಿಸಿ ನೋಡಬಹುದಿತ್ತು.

ಅವ್ವ ಮುಂದೆ ನನ್ನ ಪಕ್ಕ, ತಂತಿ ಕಟ್ಟಿದ ಬಾಗಿಲಿನ ಕಡೆ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಮತ್ತು ಚಿಕ್ಕಮ್ಮ. ಬುತ್ತಿಯ ಡಬ್ಬಿ ಅವ್ವನ ತೊಡೆಯ ಮೇಲೆ, ಚಳಿಗೆಂದು ತಂದ ಕಂಬಳಿ ಅವಳ ಕಾಲ ಹತ್ತಿರ. ತರೀಕೆರೆ ದಾಟಿ, ಲಿಂಗದಹಳ್ಳಿ ದಾಟಿ, ಘಾಟಿ ಶುರುವಾಯಿತು. ಅವ್ವ ಪ್ರತಿ ತಿರುವಿಗೂ "ಇಲ್ಲಿ ನಿಮ್ಮಪ್ಪ ಗೇರ್ ಬದಲಾಯಿಸ್ತಿದ್ನಾ?" ಎಂದು ಕೇಳುತ್ತಿದ್ದಳು. ನನ್ನ ಕಣ್ಣು ಕನ್ನಡಿಯಲ್ಲಿತ್ತು. ಹಿಂದೆ ನೀಲಿ ಹೊಗೆ ಏಳುತ್ತಿತ್ತು.

ಒಂದು ಕಡಿದಾದ ತಿರುವು ಹತ್ತಿದ ಕೂಡಲೇ ಎಂಜಿನ್ನಿನ ಸದ್ದು ತಾನಾಗಿಯೇ ಏರಿತು. ನಾನು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಸದ್ದು ಇಳಿಯಲಿಲ್ಲ, ಇನ್ನೂ ಏರಿತು. ಗಾಡಿ ನನ್ನನ್ನು ಕೇಳದೆ ಮುಂದಿನ ತಿರುವಿನ ಕಡೆ ನುಗ್ಗಿತು. ಎಡಗಡೆ ಕಣಿವೆ. ಕ್ಲಚ್ ತುಳಿದು, ಗೇರ್ ಬಿಡಿಸಿ, ಇರುವ ಬಲವನ್ನೆಲ್ಲ ಹಾಕಿ ಬ್ರೇಕಿನ ಮೇಲೆ ನಿಂತೆ. ಗಾಡಿ ನಿಂತಿತು. ಹೊರೆ ತಪ್ಪಿದ ಎಂಜಿನ್ನು ಮಾತ್ರ ಕಿರುಚತೊಡಗಿತು. ಅಂಥ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಿಲ್ಲ. ವೈರ್ ಎಳೆದೆ. ಮತ್ತೆ ಎಳೆದೆ. ಗುಂಡಿ ಕೈಗೇ ಬಂತು. ಬಾನೆಟ್ಟು ಪಟಪಟ ಬಡಿದುಕೊಳ್ಳುತ್ತಿತ್ತು. ಕಾಲ ಕೆಳಗಿನ ತೂತಿನಿಂದ ಬಿಸಿ ಹೊಗೆ ನುಗ್ಗಿ ಕಣ್ಣು ಉರಿಯಿತು. ಎಂಜಿನ್ನು ಒಡೆಯುತ್ತದೆ, ಚೂರು ಚೂರಾಗಿ ಹಾರಿ ನಮ್ಮ ಎದೆಗೇ ಬರುತ್ತದೆ ಎಂದು ಅನ್ನಿಸಿತು.

ಹ್ಯಾಂಡ್‌ಬ್ರೇಕ್ ಎಳೆದೆ. ಬಾಗಿಲು ತೆಗೆದೆ. ಹಾರಿದೆ.

ಹಾರಿ ಓಡಿದೆ ಕೂಡ. ರಸ್ತೆಯ ಆ ಬದಿಯ ಮಣ್ಣಿನ ಗೋಡೆಗೆ ಬೆನ್ನು ತಾಗುವವರೆಗೆ ಓಡಿದೆ. ಇಪ್ಪತ್ತು ಹೆಜ್ಜೆ ಇರಬಹುದು. ಆ ಇಪ್ಪತ್ತು ಹೆಜ್ಜೆಯಲ್ಲಿ ನನಗೆ ಅವ್ವ ನೆನಪಾಗಲಿಲ್ಲ. ಹೆಂಡತಿಯೂ ನೆನಪಾಗಲಿಲ್ಲ. ನಾನು ನನ್ನ ಚರ್ಮವೊಂದನ್ನೇ ಹೊತ್ತುಕೊಂಡು ಓಡಿದೆ. ತಿರುಗಿ ನೋಡಿದಾಗ ಹಿಂದಿನ ಬಾಗಿಲಿನಿಂದ ಹೆಂಡತಿ, ಚಿಕ್ಕಮ್ಮನ ಕೈ ಹಿಡಿದೆಳೆದುಕೊಂಡು ಇಳಿಯುತ್ತಿದ್ದಳು. ಮುಂದಿನ ಸೀಟಿನಲ್ಲಿ, ಹೊಗೆಯ ಮಧ್ಯೆ, ಅವ್ವ ಎಡಗಡೆಯ ಬಾಗಿಲನ್ನು ಭುಜದಿಂದ ತಳ್ಳುತ್ತಿದ್ದಳು. ನಾನು ಕಟ್ಟಿದ ತಂತಿ ಗಟ್ಟಿಯಾಗಿತ್ತು.

ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿತು. ಒಂದು ಗೇಣು. ಮತ್ತೆ ಒಂದು ಗೇಣು. ಹ್ಯಾಂಡ್‌ಬ್ರೇಕಿಗೆ ಹಿಡಿತ ಇರಲಿಲ್ಲ. ಹಿಂದೆ ತಿರುವು, ತಿರುವಿನಾಚೆ ಕಣಿವೆ. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತ್ತು.

ಆಗ ಅವ್ವ ಬಾಗಿಲು ಬಿಟ್ಟು ನನ್ನ ಕಡೆ ತಿರುಗಿದಳು. ಸೀಟಿನ ಮೇಲೆ ಸರಿದು ಬಂದು, ನಾನು ತೆರೆದು ಬಿಟ್ಟುಬಂದಿದ್ದ ಬಾಗಿಲಿನಿಂದ ಮುಖ ಹೊರಗೆ ಹಾಕಿದಳು. ಇಳಿಯಬಹುದಿತ್ತು. ಇಳಿಯದೆ, ಹೊಲದಲ್ಲಿ ಕರೆಯುವ ದನಿಯಲ್ಲಿ ಕೂಗಿದಳು.

"ಲೇ! ಕಲ್ಲು ಇಡೋ! ಗಾಲಿಗೆ ಕಲ್ಲು ಇಡೋ ಮಗಾ!"

ಬಯ್ಗುಳ ಇರಲಿಲ್ಲ, ಅಳು ಇರಲಿಲ್ಲ. ಹಸುವಿಗೆ ಹುಲ್ಲು ಹಾಕು ಎಂದು ಹೇಳುವ ಹಾಗೆ ಒಂದು ಕೆಲಸ ಹೇಳಿದಳು. ಕೆಲಸ ಸಿಕ್ಕಿದ ಕೂಡಲೇ ಕಾಲು ಬಂತು. ಗೋಡೆಯಿಂದ ಉದುರಿ ಬಿದ್ದಿದ್ದ ಒಂದು ಕಲ್ಲನ್ನು ತಬ್ಬಿ ಎತ್ತಿಕೊಂಡು ಓಡಿ ಹಿಂದಿನ ಗಾಲಿಗೆ ಕೊಟ್ಟೆ. ಗಾಡಿ ಕಲ್ಲಿನ ಮೇಲೆ ಒಂದು ಸಲ ಹತ್ತಿದಂತೆ ಮಾಡಿ ನಿಂತಿತು. ಇನ್ನೊಂದು ಕಲ್ಲನ್ನು ಹೆಂಡತಿ ಆ ಕಡೆಯ ಗಾಲಿಗೆ ಇಟ್ಟಳು.

ಎಂಜಿನ್ನು ಇನ್ನೂ ಕಿರುಚುತ್ತಲೇ ಇತ್ತು. ಭಾವನ ಮಾತು ಆಗ ನೆನಪಾಯಿತು. ಅದರ ಹತ್ತಿರ ಹೋಗಬೇಕು, ಬಾನೆಟ್ಟು ಎತ್ತಬೇಕು, ಕೈ ಹಾಕಬೇಕು. ನನ್ನ ಹಲ್ಲು ಕಟಕಟ ಬಡಿದುಕೊಳ್ಳುತ್ತಿತ್ತು ಎಂದರೆ ಅಲಂಕಾರಕ್ಕೆ ಹೇಳುವ ಮಾತಲ್ಲ, ನಾಲಗೆ ಕಚ್ಚಿ ರಕ್ತ ಬಂದಿತ್ತು. "ಮುಚ್ಚೋಕೆ ಏನಾದ್ರೂ ಕೊಡವ್ವಾ!" ಅಂದೆ. ಅವ್ವ ಬುತ್ತಿಯ ಡಬ್ಬಿಯ ಮುಚ್ಚಳ ಕಿತ್ತು, ಕಂಬಳಿಯ ಜೊತೆ ನನ್ನ ಕೈಗೆ ತುರುಕಿದಳು. ಬಾನೆಟ್ಟು ಎತ್ತಿ, ಮುಖವನ್ನು ಅತ್ತ ತಿರುಗಿಸಿಕೊಂಡು, ಮುಚ್ಚಳವನ್ನು ಆ ಬಾಯಿಗೆ ಒತ್ತಿ, ಮೇಲೆ ಕಂಬಳಿ ಹಾಕಿ ಎರಡೂ ಕೈಯಿಂದ ಅದುಮಿದೆ. ಮುಚ್ಚಳವನ್ನು ಅದು ನನ್ನ ಕೈಯಿಂದ ಕಿತ್ತುಕೊಳ್ಳುವ ಹಾಗೆ ಒಳಗೆ ಎಳೆಯಿತು. ಎರಡು ಸಲ ಬಿಕ್ಕಿತು. ನಿಂತಿತು.

ಕಿವಿ ಗುಂಯ್‌ಗುಡುತ್ತಿತ್ತು. ಅವ್ವ ಆಮೇಲೆ, ನಿಧಾನವಾಗಿ, ಸೀರೆ ಸರಿಮಾಡಿಕೊಂಡು ಇಳಿದಳು. ಚಿಕ್ಕಮ್ಮ ಎದೆ ಹಿಡಿದುಕೊಂಡು ಕೂತಿದ್ದವಳು, "ಅಯ್ಯೋ, ನಮ್ಮನ್ನೆಲ್ಲ ಬಿಟ್ಟು ಹಾರ್ಬಿಟ್ನಲ್ಲೇ ಅಕ್ಕಾ" ಎಂದು ಅಳತೊಡಗಿದಳು.

"ಹಾರ್ಲಿಲ್ಲ ಕಣೇ. ಕಲ್ಲು ಇಡಾಕೆ ಇಳ್ದ. ಇನ್ಯಾರು ಇಡ್ಬೇಕಿತ್ತು, ನೀನು ಇಡ್ತಿದ್ಯಾ?" ಅಂದಳು ಅವ್ವ.

ನನ್ನ ಹೆಂಡತಿ ನನ್ನನ್ನು ನೋಡಿದಳು. ನಾನು ಓಡಿದ್ದನ್ನು ಅವಳು ಕಂಡಿದ್ದಳು. ಅತ್ತೆಯ ಮಾತು ಕೇಳಿ ಬೇರೆ ಕಡೆ ತಿರುಗಿದಳು. ಮುಚ್ಚಳ ಹೇಗೂ ತೆಗೆದಾಗಿದೆ ಎಂದು ಅವ್ವ ಅಲ್ಲೇ ರಸ್ತೆಯ ಬದಿಯಲ್ಲಿ ಬುತ್ತಿ ಹಂಚಿದಳು. ನನ್ನ ಪಾಲಿನ ರೊಟ್ಟಿಯನ್ನು ಹಾಗೇ ಮಡಿಸಿ ಡಬ್ಬಿಗೆ ಹಾಕಿದೆ.

ಮೇಲಿಂದ ಬಂದ ಲಾರಿಯೊಂದು ನಮ್ಮ ಗಾಡಿಯನ್ನು ತನ್ನ ಹಿಂದೆ ಕಟ್ಟಿಕೊಂಡು ನಿಧಾನವಾಗಿ ತರೀಕೆರೆಗೆ ಇಳಿಸಿತು. ಭಾವ ಗಾಡಿಯ ಕೆಳಗೆ ಬಾಂಡ್ಲಿ ಇಟ್ಟು ಆಯಿಲ್ ಬಿಟ್ಟರು. ಬಾಂಡ್ಲಿ ತುಂಬಿತು. ಇನ್ನೊಂದು ಇಟ್ಟರು. ಎಂಜಿನ್ನು ಅಷ್ಟು ಕುಡಿದ ಮೇಲೂ ಇರಬೇಕಾದದ್ದಕ್ಕಿಂತ ಅರ್ಧದಷ್ಟು ಹೆಚ್ಚೇ ಉಳಿದಿತ್ತು. ಒಂದು ಸೌಟಲ್ಲ, ಅವ್ವ ಡಬ್ಬ ಪೂರ್ತಿ ಖಾಲಿ ಮಾಡಿದ್ದಳು. ಐದು ಜನ ಹೊಯ್ಯುವುದನ್ನು ಬಾಗಿಲ ಒಳಗಿಂದ ನೋಡಿ ನೋಡಿ, ತನ್ನ ಪಾಲಿನದಷ್ಟನ್ನೂ ಒಂದೇ ಸಲ ಹೊಯ್ದಿದ್ದಳು.

"ಯಾರಯ್ಯ ಹಾಕಿದ್ದು ಇದನ್ನ?" ಭಾವನ ಮುಖ ಕೆಂಪಾಗಿತ್ತು. "ನಾನೇ ಕಡ್ಡಿ ಎಳೆದು ನೋಡಿ ಹೋಗಿದ್ನಲ್ಲ!"

ಅವ್ವ ಅಲ್ಲೇ ಹಳೇ ಟೈರಿನ ಮೇಲೆ ಕೂತಿದ್ದಳು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬಾಯಿ ತೆರೆಯಲು ಹೊರಟಿದ್ದಳೇನೋ.

"ನಾನೇ ಭಾವ" ಅಂದೆ. "ಹೊಸ ಎಂಜಿನ್ನು, ಒಂದ್ ಸ್ವಲ್ಪ ಜಾಸ್ತಿ ಇರ್ಲಿ ಅಂತ..."

ಭಾವ ನನಗೆ ಬೈದ ಬೈಗುಳ ಗ್ಯಾರೇಜಿನ ಹೊರಗೂ ಕೇಳಿಸಿತು. ನಾಲ್ಕು ಜನರನ್ನು ಕೊಲ್ಲುತ್ತಿದ್ದೆ ಎಂದರು. ನಿಜವೇ. ಅಷ್ಟು ಬೈಸಿಕೊಂಡರೂ ನನಗೆ ಹಗುರವಾಗಲಿಲ್ಲ. ಬೈಸಿಕೊಳ್ಳಬೇಕಾದ ತಪ್ಪಿಗೆ ಯಾರೂ ಬೈಯಲಿಲ್ಲವಲ್ಲ.

ಎಂಜಿನ್ನನ್ನು ಬಿಚ್ಚಿ ಸರಿಮಾಡಲು ಎಂಟು ದಿನ ಹಿಡಿಯಿತು. ಆ ಎಂಟು ದಿನದಲ್ಲಿ ನಾನು ಭಾವನ ಹಿಂದೆ ಬಿದ್ದು, ಎಡಗಡೆಯ ಬಾಗಿಲಿನ ತಂತಿ ಕತ್ತರಿಸಿ ಹೊಸ ಕೀಲು, ಹೊಸ ಹಿಡಿ ಹಾಕಿಸಿದೆ. ಹೊಸ ಆಯಿಲ್ ಹಾಕುವ ದಿನ ಅವ್ವನನ್ನೂ ತರೀಕೆರೆಗೆ ಕರೆದುಕೊಂಡು ಬಂದೆ. ಅಕ್ಕ ಸೌಟು ತಂದಳು. ನಾನು ಅದನ್ನು ತೆಗೆದುಕೊಂಡು ಅವ್ವನ ಮುಂದೆ ಹಿಡಿದೆ. "ಮೊದ್ಲು ನೀನು ಹಾಕವ್ವ."

ಅಕ್ಕ ಗಂಡನ ಮುಖ ನೋಡಿದಳು. ಭಾವ ಕೈ ಒರೆಸಿಕೊಂಡು ಆಯಿಲ್ಲಿನ ಡಬ್ಬವನ್ನು ಮುಂದಕ್ಕೆ ಸರಿಸಿದರು. ಅವ್ವ ಮುಂದೆ ಬಂದು, ಅರ್ಧ ಸೌಟು ತುಂಬಿಸಿಕೊಂಡು, ಒಂದು ಹನಿಯೂ ಆಚೆ ಚೆಲ್ಲದ ಹಾಗೆ ಹೊಯ್ದಳು.

"ಇಷ್ಟು ಸಾಕೇನಪ್ಪಾ?"

"ಇನ್ನೂ ಸ್ವಲ್ಪ ಹಾಕವ್ವ, ಪರ್ವಾಗಿಲ್ಲ."

"ಬ್ಯಾಡ ಕಣೋ" ಅಂದಳು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಜಾಸ್ತಿ ಆದ್ರೆ ನೀನು ಮತ್ತೆ ಕಲ್ಲು ಇಡಾಕೆ ಇಳೀಬೇಕಾಗುತ್ತೆ."

ನಾನು ತಲೆ ಎತ್ತುವಷ್ಟರಲ್ಲಿ ಸೌಟನ್ನು ಅಕ್ಕನ ಕೈಗೆ ಕೊಟ್ಟು ಗಾಡಿಯ ಆ ಕಡೆಗೆ ಹೋಗಿದ್ದಳು. ಎಡಗಡೆಯ ಬಾಗಿಲನ್ನು ತೆಗೆದಳು. ಹಾಕಿದಳು. ಒಳಗೆ ಕೂತು, ಒಳಗಿನಿಂದ ಮತ್ತೆ ತೆಗೆದು ನೋಡಿದಳು.